ಬಸ್ಸೇ ಮಾತಾಡಬೇಕು

ಬೆಳುವಾಯಿಯಲ್ಲಿ ಕಣ್ಣು ಕಾಣದವರಿಗೆ ಬಸ್ಸಿನ ಬೋರ್ಡು ಓದಿ ಹೇಳುವುದು ಕಂಡಕ್ಟರನ ಕೂಗು: 'ಕಾರ್ಕಳ, ಕಾರ್ಕಳ!' ಖಾಸಗಿ ಬಸ್ಸುಗಳ ಪೈಪೋಟಿಗೆ ಹುಟ್ಟಿದ ಈ ಕೂಗು ಹಕ್ಕಲ್ಲ, ಬರೀ ಅದೃಷ್ಟ. ಕಂಡಕ್ಟರ್ ಸುಮ್ಮನಿದ್ದರೆ ಬಸ್ಸು ತಪ್ಪಿದಂತೆಯೇ. ಮೊಬೈಲಿನ ಮ್ಯಾಪು ನಿಲ್ದಾಣದವರೆಗೆ ಕರೆತರುತ್ತದೆ; ಎದುರು ನಿಂತ ಬಸ್ಸು ಯಾವುದು, ಬಾಗಿಲು ಎತ್ತ ಎಂದು ಹೇಳದು.

ದೆಹಲಿ ಐಐಟಿಯ 'ಆನ್‌ಬೋರ್ಡ್' ಹಿಡಿದದ್ದು ಈ ಕೊರತೆಯನ್ನೇ. ಮೈಸೂರಿನ ನಗರ ಬಸ್ಸುಗಳಿಗೆ 'ಧ್ವನಿ ಸ್ಪಂದನ'ವಾಗಿ ಬಂದ ಈ ವ್ಯವಸ್ಥೆಯಲ್ಲಿ ಪ್ರಯಾಣಿಕರು ಕೇಳಿದರೆ ಬಸ್ಸಿನ ಸ್ಪೀಕರೇ ಉತ್ತರಿಸುತ್ತದೆ. ಆ ದನಿಯ ಜಾಡು ಹಿಡಿದು ಬಾಗಿಲು ಸೇರಬಹುದು. ಆದರೆ ಅದು ಸರ್ಕಾರಿ ಬಸ್ಸಿನ ದನಿ. ಬೆಳುವಾಯಿಯ ರಸ್ತೆ ನಂಬಿರುವುದು ಹೆಚ್ಚಾಗಿ ಖಾಸಗಿ ಬಸ್ಸುಗಳನ್ನು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಖಾಸಗಿ ಸೇವೆಗಳನ್ನೂ ಹೊರಗಿಟ್ಟಿಲ್ಲ. ಪರ್ಮಿಟಿನ ಷರತ್ತಿನಲ್ಲಿ ಈ ದನಿ ಸೇರುವವರೆಗೆ ಆ್ಯಪು ಎಷ್ಟು ಜಾಣವಾದರೂ ಪ್ರಯೋಜನ ಅರ್ಧವೇ.