ಹುಲಿಗೊಂದು ವಿಸಿಟರ್ ಬುಕ್

ಕ್ಯೋಟೋದಲ್ಲಿ ಪ್ರತಿ ಅಕ್ಟೋಬರ್ 22ಕ್ಕೆ ‘ಜಿದಾಯ್ ಮತ್ಸುರಿ’ ಅಂತ ಒಂದು ಮೆರವಣಿಗೆ. 1895ರಲ್ಲಿ ಶುರುವಾದದ್ದು. ಹಳೇ ಕಾಲದ ವೇಷ ತೊಟ್ಟವರು ಸಾಲಾಗಿ ನಡೆಯುತ್ತಾರೆ, ಅವರಲ್ಲಿ ಸಮುರಾಯ್‌ಗಳೂ ಉಂಟು. ನಿಜವಾದ ಸಮುರಾಯ್‌ಗಳ ಸೊಂಟದ ಕತ್ತಿಯನ್ನು ಸರ್ಕಾರ 1876ರಲ್ಲೇ ಬಿಚ್ಚಿಸಿತ್ತು. ಕೆಲಸ ಹೋದ ಮೇಲೆ ಯೂನಿಫಾರ್ಮ್ ಮಾತ್ರ ವಾಪಸ್ ಬಂತು, ಅಷ್ಟೆ. ವಿಡಿಯೋ ನೋಡಿದರೆ ಒಬ್ಬರ ಮುಖದಲ್ಲೂ ನಗುವಿಲ್ಲ. ಸರ್ವರ್ ಡೌನ್ ಆದ ರಾತ್ರಿಯ ನಮ್ಮ ಟೀಮಿನ ಹಾಗೆ.

ಚಂದ ಉಂಟು ಮಾರಾಯ್ರೆ, ಇಲ್ಲ ಅನ್ನುವುದಿಲ್ಲ. ಆದರೆ ಅತ್ತಾವರದಲ್ಲಿ ದಸರಾ ಕಂಡವನಿಗೆ ಒಂದು ಕೊರತೆ ಕಾಣುತ್ತದೆ. ಸಮುರಾಯ್ ಯಾರ ಮನೆಗೂ ಬರುವುದಿಲ್ಲ.

ನಮ್ಮ ಪಿಲಿ ಬರುತ್ತದೆ. ಗಂಟೆಗಟ್ಟಲೆ ನಿಂತು ಮೈಗೆ ಬಣ್ಣ ಬಳಿಸಿಕೊಂಡು, ಉರಿ ಸಹಿಸಿಕೊಂಡು, ಊದುಪೂಜೆ ಮುಗಿಸಿ, ತಾಸೆಯ ಪೆಟ್ಟಿಗೆ ಕುಣಿಯುತ್ತ ಬರುತ್ತದೆ. ಕೆಲವರಿಗೆ ಅದು ಹರಕೆ. ಅಕ್ಕಿ ಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಂದಕ್ಕೆ ಎಸೆಯುವವನ ಎದುರು ನನ್ನ ಜಿಮ್ ಮೆಂಬರ್‌ಶಿಪ್ಪಿಗೆ ನಾಚಿಕೆಯಾಗುತ್ತದೆ.

ಊರಲ್ಲಿ ಹುಲಿ ಅಂಗಳಕ್ಕೆ ಬಂದರೆ ನಾನು ಅಜ್ಜಿಯ ಸೆರಗಿನೊಳಗೆ. ಮರುದಿನ ತೆಂಗಿನಕಾಯಿ ಕೀಳಲು ಬಂದ ಅಣ್ಣನ ಕಿವಿಯ ಹಿಂದೆ ಹಳದಿ ಬಣ್ಣ! ಆಮೇಲೂ ಹೆದರಿಕೆ ಹೋಗಲಿಲ್ಲ, ಗೌರವ ಮಾತ್ರ ಜಾಸ್ತಿಯಾಯಿತು.

ಕಳೆದ ವರ್ಷ ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ವಾಚ್‌ಮನ್ ಹುಲಿಗೆ ಪುಸ್ತಕ ಒಡ್ಡಿದ. ಹೆಸರು? ಯಾರನ್ನು ಕಾಣಲು? ಹುಲಿ ಉಗುರಿನ ನಡುವೆ ಪೆನ್ನು ಹಿಡಿದು ಸೈನ್ ಹಾಕಿತು. ಪಾರ್ಕಿಂಗಿನಲ್ಲಿ ಹತ್ತೇ ನಿಮಿಷ, ತಾಸೆ ಮೆಲ್ಲಗೆ ಬಡಿಯಬೇಕು ಅಂತ ಕಮಿಟಿಯ ಕಂಡಿಷನ್. ನಾವು ಮೂರನೇ ಮಹಡಿಯಿಂದ ಮೊಬೈಲ್ ಹಿಡಿದೆವು. ಮಗಳು ಹೆದರಲೇ ಇಲ್ಲ. ಸ್ಕ್ರೀನಿನಲ್ಲಿ ಹುಲಿ ಬೆಕ್ಕಿನಷ್ಟಿತ್ತು.

‘ಉಳಿದವರು ಕಂಡಂತೆ’, ‘ಗರುಡ ಗಮನ ವೃಷಭ ವಾಹನ’ ಸಿನಿಮಾಗಳು ಹುಲಿಯನ್ನು ಘಟ್ಟದ ಮೇಲಿನವರಿಗೂ ಪರಿಚಯಿಸಿದವು. ಒಳ್ಳೆಯದೇ. ವೇದಿಕೆ ಕಟ್ಟಿ ಸ್ಪರ್ಧೆ ಮಾಡುತ್ತಾರೆ, ಕುಣಿಯುವವರಿಗೆ ನಾಲ್ಕು ಕಾಸು ಸಿಗಲಿ, ಅದಕ್ಕೂ ನನ್ನ ತಕರಾರಿಲ್ಲ. ಹುಲಿ ಎಲ್ಲೂ ಕೆಟ್ಟಿಲ್ಲ. ಕೆಟ್ಟದ್ದು ನೋಡುವ ನಾವು. ಎದುರು ಬಂದದ್ದನ್ನು ದೂರ ನಿಲ್ಲಿಸಿ ಪ್ರೇಕ್ಷಕರಾದೆವು. ಹೀಗೇ ಆದರೆ ನಮ್ಮ ಹುಲಿಯೂ ಒಂದು ದಿನ ಸಮುರಾಯ್ ಆಗುತ್ತದೆ: ಡ್ರೆಸ್ ಪಕ್ಕಾ, ಹೆದರುವವರು ಯಾರೂ ಇಲ್ಲ.

ಈ ಸಲ ಮಗಳನ್ನು ಎತ್ತಿಕೊಂಡು ಗೇಟಿನ ಹೊರಗೆ ಹೋಗಿ ನಿಂತೆ. ಮೊಬೈಲ್ ಮೇಲೆಯೇ ಬಿಟ್ಟಿದ್ದೆ. ಹುಲಿ ಒಂದು ಮೊಳ ದೂರಕ್ಕೆ ಬಂದು ಗುರ್ ಅಂದಿತು. ಅವಳು ಕಿರುಚಿ ನನ್ನ ಕುತ್ತಿಗೆ ಅಪ್ಪಿಕೊಂಡಳು.

ಸಮಾಧಾನವಾಯಿತು.