ಮೆಚ್ಚಿದ ನಾದ, ಒಪ್ಪಲಾಗದ ನಡತೆ

ನದೀಮೂಲವನ್ನೂ ಋಷಿಮೂಲವನ್ನೂ ಹುಡುಕಬಾರದೆಂಬ ಮಾತು ಕನ್ನಡ ನಾಡಿನಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಗಾಯಕನ ಅಥವಾ ವಾದಕನ ಮನೆವಾರ್ತೆಯ ಪ್ರಸ್ತಾಪ ಬಂದಾಗಲೆಲ್ಲ ರಸಿಕರು ಈ ಗಾದೆಯನ್ನೇ ಮುಂದೊಡ್ಡಿ ಮಾತನ್ನು ಮುಗಿಸಿಬಿಡುವುದುಂಟು. ಆದರೆ ಇದರ ಅರ್ಥವನ್ನು ಸ್ವಲ್ಪ ವಿಚಾರಿಸಬೇಕು. ಋಷಿಯ ಕುಲವನ್ನು ಕೇಳಬೇಡವೆಂದು ಗಾದೆ ಹೇಳುತ್ತದೆಯೇ ಹೊರತು, ಋಷಿಯು ಹೆಂಡತಿಯನ್ನು ಹೊಡೆದರೆ ಕಾಣದವರಂತೆ ಇರಬೇಕೆಂದು ಹೇಳುವುದಿಲ್ಲ. ಹುಟ್ಟು ಒಬ್ಬನ ಕೈಯಲ್ಲಿಲ್ಲ. ನಡತೆ ಅವನ ಕೈಯಲ್ಲಿದೆ. ಈ ಭೇದವನ್ನು ಮರೆತ ಅಭಿಮಾನವನ್ನು ನೇರವಾಗಿ ಪ್ರಶ್ನಿಸಿದ ಗ್ರಂಥಗಳಲ್ಲಿ ಅಮೆರಿಕದ ಲೇಖಕಿ ಶ್ರೀಮತಿ ಪರ್ಲ್ ಕ್ಲೀಜ್‌ರವರು 1990ರಲ್ಲಿ ಪ್ರಕಟಿಸಿದ ‘ಮ್ಯಾಡ್ ಅಟ್ ಮೈಲ್ಸ್’ ಎಂಬ ಸಣ್ಣ ಪುಸ್ತಕವು ಗಮನಾರ್ಹವಾದುದು. ಮೈಲ್ಸನ ಮೇಲಿನ ಕೋಪವೆಂಬುದೇ ಆ ಹೆಸರಿನ ಅರ್ಥ.

ಮೈಲ್ಸ್ ಡೇವಿಸನು (1926–1991) ಜಾಜ್ ಸಂಗೀತದ ಮಹಾಪುರುಷರಲ್ಲೊಬ್ಬನು. ಟ್ರಂಪೆಟ್ಟೆಂಬ ತುತ್ತೂರಿಯನ್ನು ಪಿಸುಮಾತಿನಂತೆ ನುಡಿಸಬಲ್ಲವನೆಂದು ಹೆಸರಾದವನು. 1959ರ ಮಾರ್ಚ್ 2ರಂದೂ ಏಪ್ರಿಲ್ 22ರಂದೂ ನ್ಯೂಯಾರ್ಕಿನಲ್ಲಿ ಧ್ವನಿಮುದ್ರಣವಾದ ‘ಕೈಂಡ್ ಆಫ್ ಬ್ಲೂ’ ಅವನ ಕೀರ್ತಿಯ ಶಿಖರ. ಮೇಲಿಂದ ಮೇಲೆ ಬದಲಾಗುವ ಸ್ವರಮೇಳಗಳ ಗೊಂದಲವನ್ನು ಬಿಟ್ಟು, ಕೆಲವೇ ಸ್ವರಶ್ರೇಣಿಗಳನ್ನು ಆಧಾರವಾಗಿಟ್ಟುಕೊಂಡು, ವಾದಕನಿಗೆ ನಿಧಾನವಾಗಿ ವಿಹರಿಸಲು ಎಡೆ ಮಾಡಿಕೊಟ್ಟದ್ದು ಅದರ ಹೊಸತನ. ಆಲಾಪನೆಗೆ ಪಳಗಿದ ಕಿವಿಗೂ ಇದು ಪರಕೀಯವೆನಿಸದು. ಅಮೆರಿಕದ ಪ್ರತಿನಿಧಿಸಭೆಯು 2009ರ ಡಿಸೆಂಬರಿನಲ್ಲಿ ಒಂದೇ ಒಂದು ವಿರೋಧಮತವೂ ಇಲ್ಲದೆ ಈ ಮುದ್ರಿಕೆಯನ್ನು ಗೌರವಿಸಿ ನಿರ್ಣಯ ಮಾಡಿತು.

ಆ ಮುದ್ರಿಕೆ ಹೊರಬಂದಾಗ ಕ್ಲೀಜ್‌ರವರು 10 ವರ್ಷದ ಬಾಲಿಕೆ. ಮುಂದೆ ಪ್ರಾಯಕ್ಕೆ ಬಂದ ಮೇಲೆ ಅವರ ಪ್ರಣಯದ ಸಂಜೆಗಳಿಗೆಲ್ಲ ಅದೇ ಹಿನ್ನೆಲೆಯಾಯಿತು. ಅವರ ಮಟ್ಟಿಗೆ ಮೈಲ್ಸನ ನಾದವೆಂದರೆ ಮಾರ್ದವ, ವಿಶ್ವಾಸ, ಪ್ರೀತಿ. ಹೀಗಿರುತ್ತ 1989ರಲ್ಲಿ ಡೇವಿಸನ ಆತ್ಮಕಥೆ ಹೊರಬಂದಿತು. ತಾನು ಕೈಹಿಡಿದ ಹೆಂಗಸರನ್ನು ಹೊಡೆದದ್ದನ್ನು ಅದರಲ್ಲಿ ಅವನೇ ಹೇಳಿಕೊಂಡಿದ್ದಾನೆ. ಫ್ರಾನ್ಸೆಸ್ ಟೇಲರಳ ವಿಷಯದಲ್ಲಿ ಅವನಿಗೆ ಪಶ್ಚಾತ್ತಾಪದ ಮಾತುಗಳಿವೆ. ಆದರೆ ಪ್ರಸಿದ್ಧ ನಟಿ ಸಿಸಿಲಿ ಟೈಸನ್‌ರವರ ಕೆನ್ನೆಗೆ ಹೊಡೆದದ್ದನ್ನೂ, ಆಕೆ ಪೊಲೀಸರನ್ನು ಕರೆಸಿದ್ದನ್ನೂ ಹೇಳುವಾಗ ನಾಚಿಕೆಯ ಸುಳಿವು ಕಾಣುವುದಿಲ್ಲ. ಇದನ್ನು ಓದಿದ ಕ್ಲೀಜ್‌ರವರಿಗೆ ತಮ್ಮ ಸುಖಸ್ಮೃತಿಗಳ ನೆಲವೇ ಕುಸಿದಂತಾಯಿತು. ಹೆಂಗಸನ್ನು ಹೊಡೆಯುವ ಕೈಯನ್ನು ಹೆಂಗಸರೇ ಪೂಜಿಸುವುದು ಹೇಗೆ? ಗ್ರಂಥದ ಮೂಲಪ್ರಶ್ನೆ ಇದೇ.

ಫ್ರಾನ್ಸೆಸಳ ಕಥೆಯನ್ನು ಕೊಂಚ ವಿಸ್ತಾರವಾಗಿ ನೋಡಿದರೆ ಈ ಪ್ರಶ್ನೆಯ ಭಾರ ತಿಳಿಯುತ್ತದೆ. ಆಕೆ ಸ್ವತಃ ನುರಿತ ನರ್ತಕಿ. 1957ರಲ್ಲಿ ರಂಗವೇರಿದ ‘ವೆಸ್ಟ್ ಸೈಡ್ ಸ್ಟೋರಿ’ ನಾಟಕದ ಮೊದಲ ತಂಡದಲ್ಲಿದ್ದವಳು. ಹೆಂಡತಿಯಾದವಳು ಮನೆಯಲ್ಲಿರಬೇಕೆಂದು ಡೇವಿಸನು ಆಕೆಯನ್ನು ರಂಗದಿಂದ ಬಿಡಿಸಿದನು. ಅದೇ ಡೇವಿಸನು 1958ರಲ್ಲಿ ಒಂದು ಕೃತಿಗೆ ‘ಫ್ರಾನ್-ಡಾನ್ಸ್’ ಎಂದು ಅವಳ ಹೆಸರಿಟ್ಟನು. ಆಕೆಯ ಸಹವಾಸದ ವರ್ಷಗಳಲ್ಲಿಯೇ ಗಿನಿ ದೇಶದ ನೃತ್ಯಮಂಡಲಿಯೊಂದರ ಪ್ರದರ್ಶನವನ್ನು ಅವನು ಕಂಡು ಬೆರಗಾದನು. ಅಲ್ಲಿ ಕೇಳಿದ ಬೆರಳುವಾದ್ಯದ ನಾದವನ್ನು ‘ಕೈಂಡ್ ಆಫ್ ಬ್ಲೂ’ದಲ್ಲಿ ಹಿಡಿಯಲು ಯತ್ನಿಸಿದೆನೆಂದು ತಾನೇ ಹೇಳಿಕೊಂಡಿದ್ದಾನೆ. 1961ರ ಮುದ್ರಿಕೆಯೊಂದರ ಹೊದಿಕೆಯ ಮೇಲೆ ಬಿಳಿಯ ರೂಪದರ್ಶಿಯ ಬದಲು ತನ್ನ ಹೆಂಡತಿಯ ಚಿತ್ರವೇ ಬರಬೇಕೆಂದು ಹಟ ಹಿಡಿದು ಗೆದ್ದನು. ಕಪ್ಪು ಹೆಣ್ಣಿನ ಚೆಲುವನ್ನು ಅಂಗಡಿಗಳು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ ಕಾಲದಲ್ಲಿ ಅದು ಸಣ್ಣ ಕಾರ್ಯವಲ್ಲ. ಆ ಮುದ್ರಿಕೆಯ ಹೆಸರು, ನನ್ನ ರಾಜಕುಮಾರ ಒಂದು ದಿನ ಬರುವನೆಂದು. ಮನೆಯೊಳಗೆ ಮಾತ್ರ, ಮತ್ತೊಬ್ಬ ಸಂಗೀತಗಾರನು ಸುಂದರನೆಂದು ಆಡಿದ ಒಂದು ಮಾತಿಗೆ ಫ್ರಾನ್ಸೆಸಳಿಗೆ ಏಟು ಬಿದ್ದಿತು. ಏಟುಗಳು ಅಲ್ಲಿಗೆ ನಿಲ್ಲಲಿಲ್ಲ. 1965ರಲ್ಲಿ ಆಕೆ ಮನೆಬಿಟ್ಟು ಹೋದಳು. ಅದೇ ವರ್ಷದ ‘ಇ.ಎಸ್.ಪಿ.’ ಎಂಬ ಮುದ್ರಿಕೆಯ ಹೊದಿಕೆಯಲ್ಲೂ ಅವಳ ಚಿತ್ರವಿದೆ.

ಇಷ್ಟನ್ನು ತಿಳಿದವರು ಕೃತಿ ಬೇರೆ, ಕರ್ತೃ ಬೇರೆ ಎಂದು ಸುಲಭವಾಗಿ ಹೇಳಲಾರರು. ಏಟು ತಿಂದವಳ ಹೆಸರೂ ಮುಖವೂ ಕೃತಿಯ ಒಳಗೇ ಸೇರಿಹೋಗಿವೆ. ಅವಳನ್ನು ಬಿಟ್ಟು ಕೃತಿಯನ್ನು ಮಾತ್ರ ಇಟ್ಟುಕೊಳ್ಳುವೆನೆನ್ನುವ ರಸಿಕನು ಕೃತಿಯದೇ ಒಂದು ಭಾಗವನ್ನು ಕತ್ತರಿಸಿ ಎಸೆದಂತಾಗುತ್ತದೆ.

ಡೇವಿಸನ ಪರವಾಗಿ ಹೇಳಬಹುದಾದ ಮಾತೊಂದಿದೆ. ಅದನ್ನು ಮರೆಮಾಚುವುದು ನ್ಯಾಯವಲ್ಲ. ‘ಕೈಂಡ್ ಆಫ್ ಬ್ಲೂ’ ಬಿಡುಗಡೆಯಾದ ತಿಂಗಳಲ್ಲೇ, 1959ರ ಆಗಸ್ಟ್ 25ರ ರಾತ್ರಿ, ನ್ಯೂಯಾರ್ಕಿನ ಬರ್ಡ್‌ಲ್ಯಾಂಡ್ ಸಂಗೀತಶಾಲೆಯ ಮುಂದೆ ನಿಂತಿದ್ದ ಅವನನ್ನು ಪೊಲೀಸರು ತಲೆ ಒಡೆದು ರಕ್ತ ಸುರಿಯುವಂತೆ ಹೊಡೆದರು. ಒಳಗೆ ಅಂದು ಅವನದೇ ಕಚೇರಿ. ಹೊರಗೆ ಅವನು ಬರಿಯ ಕಪ್ಪು ಮನುಷ್ಯ. ಅವನ ಮೇಲೆ ಹೊರಿಸಿದ ಆಪಾದನೆಗಳು ಆಮೇಲೆ ಬಿದ್ದುಹೋದವು. ಇಂಥ ಅಪಮಾನ ಉಂಡ ಜನಾಂಗದ ಒಬ್ಬ ನಾಯಕನ ತಪ್ಪನ್ನು ಬೀದಿಗೆಳೆದರೆ ಶತ್ರುವಿನ ಕೈಗೆ ಆಯುಧ ಕೊಟ್ಟಂತಾಗುವುದಿಲ್ಲವೆ? ಕಪ್ಪು ಜನರ ನಡುವೆ ಬೆಳೆದ ಕ್ಲೀಜ್‌ರವರು ಈ ಅಳುಕನ್ನು ಅರಿಯದವರಲ್ಲ. ಆದರೂ ಮೌನದ ಬೆಲೆಯನ್ನು ಯಾವಾಗಲೂ ಹೆಂಗಸೇ ತೆರಬೇಕಾದುದೇಕೆಂದು ಅವರ ವಾದ. ಆ ವಾದಕ್ಕೆ ತಲೆಬಾಗಲೇಬೇಕು. ತನ್ನ ತಲೆಯ ಮೇಲೆ ಬಿದ್ದ ಲಾಠಿಯ ಅನ್ಯಾಯವನ್ನು ಅಷ್ಟು ಚೆನ್ನಾಗಿ ಬಲ್ಲವನಿಗೆ ತನ್ನ ಕೈಯ ಅನ್ಯಾಯ ತಿಳಿಯದೆಂದು ನಂಬುವುದು ಕಷ್ಟ. ನೋವು ಕೋಪಕ್ಕೆ ಕಾರಣವಾಗಬಹುದು, ಕ್ಷಮಾಪತ್ರವಾಗಲಾರದು.

ಇನ್ನು ಪರಿಹಾರದ ಮಾತು. ಡೇವಿಸನು ತಪ್ಪನ್ನೊಪ್ಪಿ ಕ್ಷಮೆ ಕೇಳಿ ತನ್ನ ಮನೋಭಾವವನ್ನು ತಿದ್ದಿಕೊಳ್ಳುವವರೆಗೆ ಅವನ ಮುದ್ರಿಕೆಗಳನ್ನು ಒಡೆದುಹಾಕಬೇಕೆಂದು ಕ್ಲೀಜ್‌ರವರು ಸೂಚಿಸುತ್ತಾರೆ. ಈ ಕಠಿನವಾಕ್ಯವನ್ನು ಹಲವರು ಕಲೆಯ ಮೇಲಣ ದ್ವೇಷವೆಂದು ಎಣಿಸಬಹುದು. ವಸ್ತುತಃ ಅದು ಬದುಕಿದ್ದವನೊಬ್ಬನಿಗೆ ಒಡ್ಡಿದ ನಿಬಂಧನೆ. ತಿದ್ದಿಕೊಂಡರೆ ಹಿಂತಿರುಗಿ ಬಾ ಎಂಬ ಕರೆ ಅದರೊಳಗಿದೆ. ಆದರೆ ಮರುವರ್ಷವೇ ಡೇವಿಸನು ತೀರಿಕೊಂಡನು. ನಿಬಂಧನೆಯನ್ನು ಪೂರೈಸಬೇಕಾದವನೇ ಇಲ್ಲವಾದ ಮೇಲೆ ಮುದ್ರಿಕೆಯ ಗತಿಯೇನೆಂಬುದಕ್ಕೆ ಗ್ರಂಥದಲ್ಲಿ ಉತ್ತರವಿಲ್ಲ. ಇನ್ನೊಂದು ಕೊರತೆಯೂ ಇದೆ. ‘ಕೈಂಡ್ ಆಫ್ ಬ್ಲೂ’ ಒಬ್ಬನ ಸೃಷ್ಟಿಯಲ್ಲ. ಕೋಲ್ಟ್ರೇನ್, ಆ್ಯಡರ್ಲಿ, ಬಿಲ್ ಇವಾನ್ಸ್, ವಿಂಟನ್ ಕೆಲ್ಲಿ, ಚೇಂಬರ್ಸ್, ಕಾಬ್ ಇವರೆಲ್ಲರ ಉಸಿರೂ ಬೆರಳೂ ಅದರಲ್ಲಿವೆ. ಒಬ್ಬನ ದೋಷಕ್ಕೆ ತಟ್ಟೆಯನ್ನು ಒಡೆದರೆ ಉಳಿದವರ ದುಡಿಮೆಯೂ ಒಡೆದಂತೆಯೇ. ಕೋಪದ ರಭಸದಲ್ಲಿ ಲೇಖಕಿ ಈ ಕಡೆ ನೋಡದೆ ಹೋದದ್ದು ಗ್ರಂಥದ ನ್ಯೂನತೆಯೆಂದೇ ಹೇಳಬೇಕು.

ಈ ವಿಚಾರ ಪರದೇಶದ್ದೆಂದು ಕನ್ನಡಿಗರು ಸುಮ್ಮನಿರುವಂತಿಲ್ಲ. ಕರ್ನಾಟಕ ಸಂಗೀತದ ಲೋಕದಲ್ಲಿಯೂ ಹಲವರು ಸ್ತ್ರೀಯರು 2018ರಲ್ಲಿ ಧೈರ್ಯದಿಂದ ಬಾಯಿಬಿಟ್ಟ ಮೇಲೆ, ಆಪಾದನೆಗೆ ಒಳಗಾದ ಏಳು ಮಂದಿ ಕಲಾವಿದರನ್ನು ಮದರಾಸಿನ ಮ್ಯೂಸಿಕ್ ಅಕಾಡೆಮಿಯು ಆ ವರ್ಷದ ಡಿಸೆಂಬರ್ ಉತ್ಸವದಿಂದ ಕೈಬಿಟ್ಟಿತು. ಆಪಾದನೆ ಬೇರೆ, ತೀರ್ಪು ಬೇರೆ. ಈ ವಿವೇಕವನ್ನು ಬಿಡಲಾಗದು. ಆದರೂ ಗುರುವನ್ನು ದೇವರ ಸಾಲಿನಲ್ಲಿ ಕೂರಿಸುವ ಸಂಪ್ರದಾಯದಲ್ಲಿ ಶಿಷ್ಯೆಯ ದೂರಿಗೆ ಕಿವಿಗೊಡುವವರು ಎಷ್ಟು ವಿರಳರೆಂಬುದು ಆಗ ಎಲ್ಲರಿಗೂ ಗೋಚರವಾಯಿತು. ನುಡಿಗೂ ನಡೆಗೂ ಹೊಂದಿಕೆಯನ್ನು ಬೇಡಿದ ವಚನಕಾರರ ನಾಡಿನಲ್ಲಿ, ಹಾಡುಗಾರನೊಬ್ಬನಿಗೆ ಮಾತ್ರ ಆ ನಿಯಮದಿಂದ ವಿನಾಯತಿ ಏಕೆ?

ಎಳೆತನದಲ್ಲಿ ಒಲಿದ ನಾದವನ್ನು ಮನಸ್ಸಿನಿಂದ ಕಿತ್ತುಹಾಕುವುದು ಯಾರಿಂದಲೂ ಆಗದು. ಕ್ಲೀಜ್‌ರವರಿಂದಲೂ ಅದು ಸುಲಭವಾಗಲಿಲ್ಲವೆಂಬುದು ಅವರ ಕೋಪದ ತೀವ್ರತೆಯಿಂದಲೇ ತಿಳಿಯುತ್ತದೆ. ಮೆಚ್ಚದ ವಸ್ತುವಿನ ಮೇಲೆ ಯಾರೂ ಅಷ್ಟು ಕೋಪಿಸಿಕೊಳ್ಳರು. ಅವರ ಗ್ರಂಥದ ಹಿರಿಮೆ ಇರುವುದು ತಟ್ಟೆ ಒಡೆಯುವ ಮಾತಿನಲ್ಲಲ್ಲ. ಹೊಡೆತ ತಿನ್ನುತ್ತಿರುವ ಹೆಣ್ಣುಮಗಳೊಬ್ಬಳು, ಮಹಾಪುರುಷನ ಪ್ರೀತಿಗೆ ಇದೇ ಬೆಲೆಯೇನೋ ಎಂದು ಭ್ರಮಿಸದಂತೆ ಎಚ್ಚರಿಸುವುದರಲ್ಲಿ ಇದೆ. ಫ್ರಾನ್ಸೆಸಳು 2018ರಲ್ಲಿ ನಿಧನಳಾದಳು. ಮರುವರ್ಷ ಬಂದ ಸ್ಟ್ಯಾನ್ಲಿ ನೆಲ್ಸನ್‌ರವರ ಸಾಕ್ಷ್ಯಚಿತ್ರದಲ್ಲಿ ಅವಳ ಮುಖವನ್ನೂ ಮಾತನ್ನೂ ಕಂಡು ಕೇಳಬಹುದು. ‘ಕೈಂಡ್ ಆಫ್ ಬ್ಲೂ’ವನ್ನು ಕೇಳಬಯಸುವ ಸಹೃದಯನು ಕೇಳಲಿ. ಆದರೆ ಅದರ ಗುಣವನ್ನು ಇನ್ನೊಬ್ಬರಿಗೆ ಹೇಳುವಾಗ ಫ್ರಾನ್ಸೆಸ್ ಟೇಲರಳ ಹೆಸರನ್ನೂ, ಆಕೆ ಮನೆಬಿಟ್ಟು ಹೋಗಬೇಕಾದ ಕಾರಣವನ್ನೂ ಹೇಳಲಿ.