ತಿಜೋರಿಯಲ್ಲಿಟ್ಟ ಎಸ್‌ಎಸ್‌ಡಿ

ಕಳೆದ ವಾರ ಕುಕನೂರಿನ ಗೆಳೆಯರೊಬ್ಬರ ಸ್ಟುಡಿಯೊದಲ್ಲಿ ಕೂತಿದ್ದೆ. ಮದುವೆ ಫೋಟೊ ಕಾಪಿ ಆಗುತ್ತಿದ್ದ ಹಾರ್ಡ್ ಡಿಸ್ಕಿನ ವೈರಿಗೆ ಯಾರದೋ ಕಾಲು ತೊಡರಿ, ಡಿಸ್ಕು ಮೇಜಿನಿಂದ ಬಿತ್ತು. ಎತ್ತಿ ಜೋಡಿಸಿದರೆ ಒಂದೇ ಸದ್ದು: ಟಕ್, ಟಕ್, ಟಕ್. ಈ ಅಂಕಣದ ಓದುಗರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆಯ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುವ ಹೆಡ್ಡು ಅದು. ಆಫ್ ಆಗಿದ್ದರೆ ತಟ್ಟೆಯಿಂದಾಚೆ ಸರಿದು ಕೂತಿರುತ್ತಿತ್ತು, ಬಹುಶಃ ಉಳಿಯುತ್ತಿತ್ತು.

“ಎಸ್‌ಎಸ್‌ಡಿ ತಗೋರಿ ಅಂತ ಆಗಲೇ ಹೇಳಿದ್ನಲ್ರಿ ಸರ್” ಎಂದ ಅಲ್ಲಿನ ಹುಡುಗ.

ಈ ಮಾತಿನೊಂದಿಗೆ ನನ್ನ ಜಗಳ ಹಳೆಯದು. ಬೀಳುವ ವಿಷಯದಲ್ಲಿ ಹುಡುಗನದೇ ಸರಿ. ಎಸ್‌ಎಸ್‌ಡಿಯಲ್ಲಿ ತಿರುಗುವಂಥದ್ದು ಏನೂ ಇಲ್ಲ. ಯಲಬುರ್ಗಾ ರಸ್ತೆಯುದ್ದಕ್ಕೂ ಬೈಕಿನ ಬ್ಯಾಗಿನಲ್ಲಿ ಕುಣಿದರೂ ತಡೆಯುತ್ತದೆ. ಆದರೆ ನಮ್ಮ ಮನೆಗಳಲ್ಲಿ ಮದುವೆ ಫೋಟೊ ತಿಜೋರಿಯ ಸೀರೆಗಳ ನಡುವೆ ಸೇರಿದರೆ ಮಗುವಿನ ಜವಳದವರೆಗೆ ಯಾರೂ ಮುಟ್ಟುವುದಿಲ್ಲ. ಹಾರ್ಡ್ ಡಿಸ್ಕಿನ ಕಾಂತೀಯ ಗುರುತಿಗೆ ಕರೆಂಟು ಬೇಡ. ಫ್ಲ್ಯಾಶ್ ಚಿಪ್ಪಿನ ಕೋಶಗಳಲ್ಲಿ ಕೂಡಿಟ್ಟ ವಿದ್ಯುದಾವೇಶವೋ ನಿಧಾನಕ್ಕೆ ಸೋರುತ್ತದೆ. ಸೆಕೆ ಹೆಚ್ಚಿದಷ್ಟೂ ಬೇಗ. ಜೆಡೆಕ್ ಮಾನದಂಡದ ಪ್ರಕಾರ, ಬರೆಯುವ ಆಯುಷ್ಯ ಪೂರ್ತಿ ಸವೆದ ಮನೆಬಳಕೆಯ ಎಸ್‌ಎಸ್‌ಡಿ ಕರೆಂಟಿಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಮಾಹಿತಿ ಕಾದರೆ ಸಾಕು. ನಮ್ಮ ಬೇಸಿಗೆ 40 ದಾಟುತ್ತದೆ. ಹೊಸದು ಇನ್ನೂ ಬಹುಕಾಲ ತಾಳೀತು, ನಿಜ. ಆದರೆ ಎಡಿಟಿಂಗ್ ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ದುಡಿದದ್ದನ್ನೇ ಕೇಸಿಗೆ ಹಾಕಿ ಗಿರಾಕಿಗೆ ಕೊಡುವುದನ್ನೂ ಕಂಡಿದ್ದೇನೆ. ಅದು ತಪ್ಪು.

ಬಾಳಿಕೆಯ ವಿಷಯಕ್ಕೆ ಬಂದರೆ ಕೊಪ್ಪಳದ ಗುಡ್ಡಗಳ ಮಾತು ಮುಖ್ಯ. ಗವಿಮಠದ ಬಂಡೆ, ಪಲ್ಲಕ್ಕಿಯಂತೆ ಕಾಣುವ ಪಾಲ್ಕಿಗುಂಡು, ಎರಡರ ಮೇಲೂ ಅಶೋಕ ಒಂದೇ ಶಾಸನ ಕೆತ್ತಿಸಿದ. ಎರಡೂ ಬೆಳಕಿಗೆ ಬಂದದ್ದು 1931ರಲ್ಲಿ. ಪಾಲ್ಕಿಗುಂಡಿನಲ್ಲಿ ಬಹುತೇಕ ಅಕ್ಷರ ಸವೆದುಹೋಗಿವೆ, ಅಲ್ಲಲ್ಲಿ ಒಂದಿಷ್ಟು ಉಳಿದಿವೆ. ಗವಿಮಠದ್ದನ್ನು ಇವತ್ತಿಗೂ ಓದಬಹುದು. ಕಲ್ಲಿನ ಮೇಲೂ ಒಂದೇ ಪ್ರತಿಗೆ ನಿಲ್ಲಲಿಲ್ಲ ಅವನು. ಯಾವುದು ಗಟ್ಟಿ ಎಂದು ಹುಡುಗನೊಡನೆ ಇಷ್ಟು ದಿನ ವಾದಿಸಿದ ನಾನು ಇದನ್ನೇ ಮೊದಲು ಹೇಳಬೇಕಿತ್ತು.

ಪುಣ್ಯಕ್ಕೆ ಕ್ಯಾಮೆರಾದ ಕಾರ್ಡು ಅಳಿಸಿರಲಿಲ್ಲ. ಆ ಸಂಜೆಯೇ ಎರಡು ಪ್ರತಿ ಮಾಡಿದೆವು: ಹಾರ್ಡ್ ಡಿಸ್ಕು ಮದುಮಗಳ ತವರಿಗೆ, ಎಸ್‌ಎಸ್‌ಡಿ ಗಂಡನ ಮನೆಗೆ. ಪ್ರತಿ ಯುಗಾದಿಗೆ ಎರಡನ್ನೂ ಜೋಡಿಸಿ ಫೋಟೊ ತೆರೆದು ನೋಡಿ ಎಂದು ಹುಡುಗ ತಾನೇ ಚೀಟಿ ಬರೆದು ಅಂಟಿಸಿದ.